ಅದೃಷ್ಟವೂ ಪುರುಷಪ್ರಯತ್ನವೂ: ದುರ್ಗದ ಸೀಮೆ ಕಲಿಸುವ ಪಾಠ

'ಅದೃಷ್ಟ' ಎಂಬ ಶಬ್ದವನ್ನು ಬಿಡಿಸಿ ನೋಡಿದರೆ ಅದರ ಅರ್ಥ ಸರಳವಾದುದು. ದೃಷ್ಟವಲ್ಲದ್ದು, ಎಂದರೆ ಕಣ್ಣಿಗೆ ಕಾಣದ್ದು, ಅದೃಷ್ಟ. ನ್ಯಾಯ ವೈಶೇಷಿಕ ಶಾಸ್ತ್ರಗಳಲ್ಲಿ ಈ ಶಬ್ದವು ಮಾಡಿದ ಕರ್ಮಕ್ಕೂ ಮುಂದೆ ಒದಗುವ ಫಲಕ್ಕೂ ನಡುವಣ ಕಾಣದ ಕೊಂಡಿಯನ್ನು ಸೂಚಿಸುತ್ತದೆ. ಅಲ್ಲಿ ಕರ್ಮ ಮೊದಲು, ಫಲ ಅನಂತರ. ಕರ್ಮವಿಲ್ಲದ ಅದೃಷ್ಟವನ್ನು ಶಾಸ್ತ್ರಕಾರರು ಹೇಳಲಿಲ್ಲ. ಲೋಕರೂಢಿಯಲ್ಲಿ ಮಾತ್ರ ಈ ಶಬ್ದದಿಂದ ಕರ್ಮದ ಭಾಗ ಕಳಚಿಬಿದ್ದು, ದುಡಿಯದೆ ದೊರೆತ ಲಾಭವೆಂಬ ಅರ್ಥವೊಂದೇ ಉಳಿಯಿತು. 'ಭಾಗ್ಯ' ಎಂಬ ಮಾತಿನ ಕಥೆಯೂ ಇಂತಹುದೇ. ಹಂಚು ಎಂಬ ಅರ್ಥದ 'ಭಜ್' ಧಾತುವಿನಿಂದ ಬಂದ ಈ ಶಬ್ದಕ್ಕೆ ಪಾಲು, ಪಾಲಿಗೆ ಬಂದುದು ಎಂಬುದು ಮೂಲಾರ್ಥ. ಈ ಎರಡು ಶಬ್ದಗಳ ಮೂಲಾರ್ಥಗಳನ್ನು ಮರಳಿ ಪಡೆದುಕೊಂಡರೆ, ಮನುಷ್ಯನು ತನ್ನ ಭಾಗ್ಯವನ್ನು ತಾನೇ ನಿರ್ಮಿಸಿಕೊಳ್ಳಬಲ್ಲನೇ ಎಂಬ ಪ್ರಶ್ನೆಗೆ ಅರ್ಧ ಉತ್ತರ ದೊರೆತಂತೆಯೇ.

ಉಳಿದರ್ಧ ಉತ್ತರವನ್ನು ಗ್ರಂಥಗಳಲ್ಲಿ ಹುಡುಕಬೇಕಾಗಿಲ್ಲ. ಚಿತ್ರದುರ್ಗದ ಸೀಮೆಯ ಕಲ್ಲು ನೆಲದಲ್ಲಿ ಅದು ಬರೆದಿದೆ. ನಾಡಿನಲ್ಲಿಯೇ ಅತ್ಯಂತ ಕಡಮೆ ಮಳೆ ಬೀಳುವ ಪ್ರದೇಶಗಳಲ್ಲಿ ಇದೂ ಒಂದು. ಇಲ್ಲಿಯ ರೈತನಿಗೆ ದೈವವೆಂದರೆ ಮಳೆಯೇ. ಅದನ್ನು ಬರಿಸುವುದು ಅವನ ಕೈಯಲ್ಲಿಲ್ಲ. ಬಂದುದನ್ನು ನಿಲ್ಲಿಸಿಕೊಳ್ಳುವುದು ಅವನ ಕೈಯಲ್ಲಿದೆ. ದೈವಕ್ಕೂ ಪುರುಷಕಾರಕ್ಕೂ ಇರುವ ಗಡಿಯನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ದೃಷ್ಟಾಂತ ದೊರೆಯುವುದು ಕಷ್ಟ.

ಮೊದಲು ಕೋಟೆಯನ್ನೇ ನೋಡಬಹುದು. ಏಳು ಸುತ್ತಿನ ಈ ಕೋಟೆಯ ಕೀರ್ತಿ ಅದರ ಬತೇರಿಗಳಿಗೂ ಬಾಗಿಲುಗಳಿಗೂ ಸಂದಿದೆ. ಆದರೆ ದೀರ್ಘಕಾಲದ ಮುತ್ತಿಗೆಯನ್ನು ತಾಳಿಕೊಳ್ಳುವ ಶಕ್ತಿ ಅದಕ್ಕೆ ಬಂದುದು ಒಳಗಿನ ನೀರಿನಿಂದ. ಬಂಡೆಗಳ ಮೇಲೆ ಬಿದ್ದ ಮಳೆ ವ್ಯರ್ಥವಾಗಿ ಹರಿದುಹೋಗದಂತೆ ಹೊಂಡಗಳನ್ನು ಕಟ್ಟಿದರು. ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ, ಸಿಹಿನೀರು ಹೊಂಡ ಹೀಗೆ ಮೇಲಿನದು ತುಂಬಿದರೆ ಕೆಳಗಿನದಕ್ಕೆ ಹರಿಯುವ ಏರ್ಪಾಡು ಊರೊಳಗಿನ ಸಂತೆಹೊಂಡದವರೆಗೂ ಸಾಗುತ್ತದೆ. ಮುತ್ತಿಗೆಯ ದಿನ ಬಾವಿ ತೋಡಿದವರಲ್ಲ ಅವರು. ನೀರು ತರಲು ಬಂದ ಒನಕೆ ಓಬವ್ವನ ಕಥೆಯಲ್ಲಿಯೂ ಇದೇ ತತ್ತ್ವವಿದೆ. ಅವಳ ಪಾಲಿಗೆ ಖಡ್ಗವೂ ಸೈನ್ಯವೂ ಬರಲಿಲ್ಲ. ಬಂದುದು ಒಂದು ಒನಕೆ, ಒಂದು ಇಕ್ಕಟ್ಟಾದ ಕಿಂಡಿ. ದಿನನಿತ್ಯದ ದುಡಿಮೆಯಿಂದ ಪಳಗಿದ ಕೈ ಅವೆರಡನ್ನೂ ಸದವಕಾಶವಾಗಿ ಮಾಡಿಕೊಂಡಿತು. ಆದರೂ 1779ರಲ್ಲಿ ಕೋಟೆ ಹೈದರಾಲಿಯ ವಶವಾಯಿತು. ಪುರುಷಪ್ರಯತ್ನಕ್ಕೆ ಸದಾ ಜಯವೇ ಎಂದು ಹೇಳುವ ಉಪದೇಶಕನು ಈ ವರ್ಷವನ್ನು ಮರೆಯಬಾರದು.

ಎರಡನೆಯ ಪಾಠ ಹಿರಿಯೂರಿನ ಬಳಿಯ ಮಾರಿಕಣಿವೆಯದು. ವೇದಾವತಿ ನದಿ ಗುಡ್ಡಗಳ ನಡುವೆ ಕಿರಿದಾದ ಕಣಿವೆಯೊಂದರಲ್ಲಿ ನುಸುಳಿ ಬಯಲಿಗಿಳಿಯುವ ಸ್ಥಳ ಅದು. ಆ ಕಣಿವೆ ಎಷ್ಟೋ ಶತಮಾನಗಳಿಂದ ಅಲ್ಲಿಯೇ ಇತ್ತು, ನದಿಯೂ ಇತ್ತು, ಬರವೂ ಇತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮೈಸೂರು ಸರ್ಕಾರ ಅಲ್ಲಿ ಕಟ್ಟೆ ಕಟ್ಟುವ ಕೆಲಸವನ್ನು ಕೈಗೊಂಡಿತು. ದಿವಾನರು 1901ರಲ್ಲಿ ಕಾಲವಾದರು. ಕಟ್ಟೆ ಮುಗಿದುದು 1907ರಲ್ಲಿ. ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರನ್ನು ಹೊತ್ತು ಅದು ವಾಣಿವಿಲಾಸ ಸಾಗರವಾಯಿತು. ಸುಮಾರು 30 ಸಾವಿರ ದಶಲಕ್ಷ ಘನ ಅಡಿ ನೀರು ಹಿಡಿಯುವ ಆ ಜಲಾಶಯ ಕಟ್ಟಿದ ಮರುವರ್ಷವೇ ತುಂಬಲಿಲ್ಲ. ಅದು ಪೂರ್ಣ ತುಂಬಿ ಕೋಡಿ ಹರಿದುದು 1933ರಲ್ಲಿ. ಮತ್ತೆ ಕೋಡಿ ಕಾಣಲು 2022ರ ಸೆಪ್ಟೆಂಬರಿನವರೆಗೆ, ಎಂದರೆ 89 ವರ್ಷ, ಕಾಯಬೇಕಾಯಿತು. ಅನಂತರ 2025ರ ಜನವರಿಯಲ್ಲಿಯೇ ಅದು ಪುನಃ ಕೋಡಿಬಿದ್ದಿತು.

2022ರ ವರ್ಷವನ್ನು ಹಲವರು ಮಳೆಯ ಕೃಪೆಯೆಂದು ಕೊಂಡಾಡಿದರು. ಮಳೆ ಚೆನ್ನಾಗಿ ಬಂದುದು ನಿಜ. ಆದರೆ ಭದ್ರಾ ಮೇಲ್ದಂಡೆ ಯೋಜನೆಯ ಮೂಲಕ ವೇದಾವತಿಗೆ ಹರಿಸಿದ ನೀರೂ ಅದರೊಡನೆ ಸೇರಿತ್ತು; ಅದು ಮನುಷ್ಯಪ್ರಯತ್ನ. ಮೇಲಾಗಿ, ನೂರು ವರ್ಷಗಳಿಗೂ ಹಿಂದೆ ಕಟ್ಟಿದ ಕಟ್ಟೆಯಿಲ್ಲದಿದ್ದರೆ ಆ ಮಳೆಯೂ ಆ ನೀರೂ ಹಿರಿಯೂರನ್ನು ದಾಟಿ ಹೋಗುತ್ತಿದ್ದವು. ಕಟ್ಟೆ ತುಂಬದ 89 ವರ್ಷಗಳೂ ನಿಷ್ಫಲವಾಗಿರಲಿಲ್ಲ. ಪೂರ್ಣ ತುಂಬದಿದ್ದರೂ ಅದು ಕಾಲುವೆಗಳಿಗೆ ನೀರು ಕೊಟ್ಟಿತು, ತೋಟಗಳನ್ನು ಬೆಳೆಸಿತು, ಚಿತ್ರದುರ್ಗದ ಜನಕ್ಕೆ ಕುಡಿಯುವ ನೀರಾಯಿತು. ಅಪೂರ್ಣ ಫಲವನ್ನೂ ವ್ಯರ್ಥವಾಗಿಸದೆ ಬಳಸಿಕೊಳ್ಳುವುದು, ಪೂರ್ಣ ಫಲಕ್ಕೆ ಅಣಿಯಾಗಿ ನಿಲ್ಲುವುದು, ಈ ಎರಡೇ ಮನುಷ್ಯನ ಪಾಲಿನ ಕೆಲಸ. ಭರಮಣ್ಣನಾಯಕನ ಹೆಸರು ಹೊತ್ತ ಭರಮಸಾಗರದ ಕೆರೆಗೆ 2021ರಲ್ಲಿ ಏತ ನೀರಾವರಿಯಿಂದ ತುಂಗಭದ್ರೆಯ ನೀರು ಬಂದುದೂ ಇದಕ್ಕೆ ಸಾಕ್ಷಿ. ನೀರು ತರುವ ಯಂತ್ರ ಈ ಕಾಲದ್ದು. ನೀರು ನಿಲ್ಲುವ ಏರಿ ನಾಯಕರ ಕಾಲದ್ದು.

ಮೂರನೆಯ ಪಾಠ ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯದು. ರಾಘವೇಂದ್ರ ಸ್ವಾಮೀಜಿಯವರು ಆ ಊರಿಗೆ ಬಂದಾಗ ಅವರೊಡನೆ ಧನವಿರಲಿಲ್ಲ, ಅಧಿಕಾರವಿರಲಿಲ್ಲ. ಯೋಗ, ವ್ಯಾಯಾಮ, ಆಯುರ್ವೇದ ಈ ಮೂರು ವಿದ್ಯೆಗಳಿದ್ದವು. ಹಳ್ಳಿಯ ಹುಡುಗರಿಗೆ ಅಂಗಸಾಧನೆ ಕಲಿಸಿದರು, ರೋಗಿಗಳಿಗೆ ಔಷಧ ಕೊಟ್ಟರು, ಅನಾಥಸೇವಾಶ್ರಮವನ್ನು ಕಟ್ಟಿ ವಿದ್ಯಾಸಂಸ್ಥೆಗಳನ್ನು ಬೆಳೆಸಿದರು. ಬೇಡಿ ತಂದು ಹಂಚುವವನೆಂಬ ಭಾವದಿಂದ 'ತಿರುಕ' ಎಂದೇ ಅಂಕಿತವಿಟ್ಟುಕೊಂಡು ಬರೆದರು. 1996ರಲ್ಲಿ ಅವರು ದೇಹ ಬಿಟ್ಟರು, ಆಶ್ರಮ ಉಳಿಯಿತು. ದಾನಿಗಳು ಅವರಿಗೆ ದೊರೆತುದು ಅದೃಷ್ಟವೆನ್ನಬಹುದು. ಆದರೆ ಕೆಲಸ ಕಣ್ಣಿಗೆ ಕಾಣುವಂತಿದ್ದುದರಿಂದಲೇ ದಾನಿಯ ಕೈ ಮುಂದೆ ಬಂದಿತು. ಕಾಯಕವಿದ್ದಲ್ಲಿ ದಾಸೋಹಕ್ಕೆ ದಾರಿ ತಾನಾಗಿ ತೆರೆಯುತ್ತದೆ. ಶುಭ ಮುಹೂರ್ತವನ್ನು ಕಾಯುತ್ತ ಕೂರುವುದನ್ನು ಶರಣರು ಒಪ್ಪದಿದ್ದುದೂ ಇದೇ ಕಾರಣಕ್ಕೆ. ಅವರ ಲಕ್ಷ್ಯವಿದ್ದುದು ಗಳಿಗೆಯ ಮೇಲಲ್ಲ, ಕೆಲಸದ ಶುದ್ಧಿಯ ಮೇಲೆ.

ಇಲ್ಲಿಗೆ ನಿಲ್ಲಿಸಿದರೆ ಪಾಠ ಅಪೂರ್ಣವಾಗುತ್ತದೆ. ವಾಣಿವಿಲಾಸ ಸಾಗರದ ಕಾಲುವೆಗಳು ಹರಿಯುವುದು ಹಿರಿಯೂರಿನ ಕಡೆಗೆ. ಹಿನ್ನೀರು ಹರಡುವುದು ಹೊಸದುರ್ಗದ ಕಡೆಗೆ. ಕೆಳಗಿನವನಿಗೆ ಕೋಡಿ ಹರಿದ ವರ್ಷ ಹಬ್ಬವಾದರೆ, ಮೇಲಿನ ಅಂಚಿನ ಹೊಲದವನಿಗೆ ಅದೇ ನೀರು ಚಿಂತೆಯಾಗುತ್ತದೆ. ಇಬ್ಬರೂ ಸಮಾನವಾಗಿಯೇ ದುಡಿದವರು. ಯಶಸ್ಸು ಪಡೆದವನೆಲ್ಲ ಶ್ರಮಿಕ, ಪಡೆಯದವನೆಲ್ಲ ಸೋಮಾರಿ ಎಂಬ ತೀರ್ಮಾನ ಇಲ್ಲಿ ಮುರಿದುಬೀಳುತ್ತದೆ. ಒಬ್ಬನ ಭಾಗ್ಯದ ಕಟ್ಟೆಗೆ ಇನ್ನೊಬ್ಬನ ನೆಲ ತೆತ್ತಿರಬಹುದು. ಭಾಗ್ಯವೆಂಬ ಶಬ್ದದೊಳಗೆ ಹಂಚಿಕೆಯ ಅರ್ಥ ಅಡಗಿರುವುದನ್ನು ನೆನೆಯಬೇಕಾದುದು ಈ ಎಡೆಯಲ್ಲಿ. ಪಡೆದವನು ಪಡೆಯದವನಿಗೆ ಋಣಿ.

ಶಾಲೆಯ ಜೀವನಕ್ಕೆ ಈ ವಿಚಾರ ಹತ್ತಿರದ್ದು. ಪರೀಕ್ಷೆಯಲ್ಲಿ ಓದಿದ ಪ್ರಶ್ನೆಯೇ ಬಂದಿತೆಂದು ಹಿಗ್ಗುವ ವಿದ್ಯಾರ್ಥಿಯನ್ನು ಅಧ್ಯಾಪಕರು ಕೇಳಬೇಕಾದುದು, ಎಷ್ಟು ಪಾಠ ಓದಿದ್ದೆ ಎಂದು. ಹತ್ತು ಪಾಠ ಓದಿದವನಿಗೆ ಅದೃಷ್ಟ ಒದಗುವ ಬಾಗಿಲುಗಳು ಹತ್ತು; ಎರಡೇ ಓದಿದವನಿಗೆ ಎರಡು. ಸೋತು ಬಂದವನನ್ನು ಕೇಳುವ ಪ್ರಶ್ನೆ ಬೇರೆ. ಅವನ ಮನೆಯಲ್ಲಿ ದೀಪವಿತ್ತೇ, ಬರಗಾಲದಲ್ಲಿ ಕೂಲಿಗೆ ಹೋಗಬೇಕಾಯಿತೇ, ಓದಿಗೆ ಹೊತ್ತು ಸಿಕ್ಕಿತೇ ಎಂಬುದನ್ನು ವಿಚಾರಿಸದೆ ಅವನಿಗೆ ಪುರುಷಪ್ರಯತ್ನದ ಉಪದೇಶ ಮಾಡುವುದು ಒಣಗಿದ ಕೆರೆಯನ್ನು ಬೈದಂತೆ. ಏರಿ ಒಡೆದಿದ್ದರೆ ಕಟ್ಟಿಸಬೇಕು. ಮಳೆಯೇ ಬಂದಿಲ್ಲವಾದರೆ ಬೇರೆ ಕಡೆಯಿಂದ ನೀರು ತರಬೇಕು. ಉಚಿತ ಪ್ರಸಾದನಿಲಯಗಳೂ ವಿದ್ಯಾರ್ಥಿವೇತನಗಳೂ ಮಾಡುವುದು ಈ ಎರಡನೆಯ ಕೆಲಸವನ್ನು. ಅವುಗಳಿಗೆ ಕೊಟ್ಟ ದಾನಿ ಯಾವ ಹುಡುಗನ ಭಾಗ್ಯ ಯಾವ ವರ್ಷ ಕೋಡಿಬೀಳುವುದೆಂಬುದನ್ನು ಕಾಣದೇ ಹೋಗಬಹುದು. ಶೇಷಾದ್ರಿ ಅಯ್ಯರ್ ಅವರೂ ಕಾಣಲಿಲ್ಲ.

ದೈವ ಪುರುಷಕಾರಗಳನ್ನು ರಥದ ಎರಡು ಗಾಲಿಗಳಿಗೆ ಹೋಲಿಸುವುದು ಹಿಂದಿನವರ ವಾಡಿಕೆ. ದುರ್ಗದ ಸೀಮೆಯವರು ಅದನ್ನು ತಮ್ಮ ಮಾತಿನಲ್ಲಿ ಹೇಳಿಕೊಳ್ಳಬಹುದು: ಮಳೆ ದೈವದ್ದು, ಏರಿ ಮನುಷ್ಯನದು, ತುಂಬಿದ ನೀರು ಎಲ್ಲರದು.