ಇಲ್ಲದ ಪೊಟ್ಯಾಸಿಯಂ

ನೋಡಮ್ಮಾ, ಲ್ಯಾಬಿನ ಮೆಷಿನ್ ನಡೆಸುವುದನ್ನು ನೀನು ಬೇಗ ಕಲಿಯುತ್ತೀಯ. ನನ್ನ ಚಿಂತೆಯೆಲ್ಲ ಅದಕ್ಕೂ ಮೊದಲಿನ ಕೆಲಸದ್ದು. ಕೆಟ್ಟ ಸ್ಯಾಂಪಲ್ಲಿಗೂ ಮೆಷಿನ್ ಅಷ್ಟೇ ಚೊಕ್ಕವಾಗಿ ಅಂಕಿ ಕೊಡುತ್ತದೆ.

ಪೊಟ್ಯಾಸಿಯಂ ಒಂದನ್ನೇ ತಗೋ. ಸೀರಂನಲ್ಲಿ ಲೀಟರಿಗೆ ಹೆಚ್ಚುಕಡಿಮೆ 3.5ರಿಂದ 5 ಮಿಲಿಮೋಲ್ ಇರಬೇಕು. ಜೀವಕೋಶಗಳ ಒಳಗೆ ಅದರ ಎಷ್ಟೋ ಪಟ್ಟು ತುಂಬಿರುತ್ತದೆ. ಸಿರಿಂಜನ್ನು ಜೋರಾಗಿ ಎಳೆದರೆ, ಸೂಜಿಯ ಮೂಲಕವೇ ಟ್ಯೂಬಿಗೆ ಒತ್ತಿದರೆ, ಟ್ಯೂಬನ್ನು ಕುಲುಕಿದರೆ ಕೆಂಪು ರಕ್ತಕಣ ಒಡೆದು ಅದು ಹೊರಗೆ ಬರುತ್ತದೆ. ಟ್ಯೂಬನ್ನು ಮೆಲ್ಲಗೆ ಮಗುಚಬೇಕು, ಅಷ್ಟೆ. ತೋಳಿನ ಪಟ್ಟಿ 1 ನಿಮಿಷ ಮೀರಬಾರದು. ಮುಷ್ಟಿ ಬಿಗಿದು ಬಿಡಿ ಎಂದು ಪದೇಪದೇ ಹೇಳಬೇಡ, ಅದರಿಂದಲೂ ಅಂಕಿ ಏರುತ್ತದೆ.

ಕಣ ಒಡೆದರೆ ಸೀರಂ ಕೆಂಪಗಾಗಿ ಎಚ್ಚರಿಸುತ್ತದೆ. ನನಗೆ ಹೆಚ್ಚು ಭಯ ಫ್ರಿಜ್ಜಿನದು. ಸೀರಂ ಬೇರ್ಪಡಿಸದೆ ಟ್ಯೂಬನ್ನು ಒಳಗಿಟ್ಟರೆ, ಪೊಟ್ಯಾಸಿಯಂ ಅನ್ನು ಕಣದೊಳಗೆ ಹಿಡಿದಿಡುವ ಪಂಪು ತಂಪಿಗೆ ಸೋಲುತ್ತದೆ. ಬಣ್ಣ ಬದಲಾಗದೆಯೇ ಅದು ಸೋರುತ್ತದೆ. ಹೆಚ್ಚಿದೆ ಎಂಬ ಆ ವರದಿ ನಂಬಿ, ಅದನ್ನು ಇಳಿಸಲು ವೈದ್ಯರು ಇನ್ಸುಲಿನ್ ಕೊಟ್ಟರೆ ರೋಗಿಯ ಗತಿಯೇನು? ನಿಜಕ್ಕೂ ಕಡಿಮೆ ಇದ್ದವರದು ಸರಿಯಾಗಿಯೇ ಇದೆ ಎಂದು ವರದಿ ಹೋದರೆ ಇನ್ನೂ ಕೆಟ್ಟದ್ದು.

ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ಇರುವುದೇ ಪೊಟ್ಯಾಸಿಯಂ ಲವಣ. ಸೀರಂಗೆ ಬಳಸುವ ಕೆಂಪು ಟ್ಯೂಬಿಗೆ ರಕ್ತ ಸಾಲಲಿಲ್ಲವೆಂದು ಅದರಿಂದ ಸುರಿದರೆ ಪೊಟ್ಯಾಸಿಯಂ ವಿಪರೀತ ಏರಿ ಕ್ಯಾಲ್ಸಿಯಂ ಕುಸಿಯುತ್ತದೆ. ಎರಡೂ ಒಟ್ಟಿಗೆ ಕಂಡರೆ ವರದಿ ತಡೆ, ಹೊಸ ಸ್ಯಾಂಪಲ್ ಕೇಳು. ರಕ್ತ ತುಂಬುವ ಕ್ರಮ ಇರುವುದೂ ಇದಕ್ಕೇ: ಮೊದಲು ಕಲ್ಚರ್ ಬಾಟಲಿ, ಆಮೇಲೆ ನೀಲಿ, ಕೆಂಪು, ಹಸಿರು, ನೇರಳೆ, ಕೊನೆಗೆ ಬೂದು. ನೀಲಿಯನ್ನು ಗೆರೆಯವರೆಗೂ ತುಂಬು. 9 ಪಾಲು ರಕ್ತಕ್ಕೆ 1 ಪಾಲು ಸಿಟ್ರೇಟ್ ಎಂಬ ಲೆಕ್ಕ ತಪ್ಪಿದರೆ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯೇ ಸುಳ್ಳಾಗುತ್ತದೆ.

ಹೆಸರಿನ ವಿಷಯ. "ನೀವು ಲಕ್ಷ್ಮಮ್ಮ ಅಲ್ವಾ?" ಎಂದು ಕೇಳಬೇಡ. ಕಾದು ಸುಸ್ತಾದವರು ಯಾವ ಹೆಸರಿಗೂ ತಲೆಯಾಡಿಸಿಬಿಡುತ್ತಾರೆ. ಹೆಸರನ್ನು ಅವರ ಬಾಯಲ್ಲೇ ಹೇಳಿಸು, ಚೀಟಿಯ ನಂಬರ್ ನೋಡು, ಲೇಬಲನ್ನು ಅವರ ಎದುರಿಗೇ ಅಂಟಿಸು. ಮೊದಲೇ ಅಂಟಿಸಿಟ್ಟ ಖಾಲಿ ಟ್ಯೂಬು ಯಾರ ರಕ್ತಕ್ಕಾದರೂ ಹೋಗಬಹುದು.

ಸ್ಯಾಂಪಲ್ ತಿರಸ್ಕರಿಸಿದಾಗ ವಾರ್ಡಿನಿಂದ ಸಿಟ್ಟಿನ ಫೋನ್ ಬರುತ್ತದೆ. ಕಾರಣವನ್ನು ರಿಜಿಸ್ಟರಿನಲ್ಲಿ ಬರೆದು, ಅವರಿಗೂ ವಿವರಿಸಿ, ಇನ್ನೊಮ್ಮೆ ರಕ್ತ ತೆಗೆಯಲು ಸಾಧ್ಯವಾದರೆ ನೀನೇ ಹೋಗು.