ಪ್ರೋಗ್ರಾಮಿಂಗ್ ಪುಸ್ತಕದ ಹೊಸ ಆವೃತ್ತಿ

ಪ್ರಶ್ನೆ: ಪ್ರೋಗ್ರಾಮಿಂಗ್ ಭಾಷೆ ಬದಲಾದಾಗ ಅದರ ಪುಸ್ತಕದಲ್ಲಿ ಆ ಭಾಗವನ್ನಷ್ಟೇ ತಿದ್ದಿ, ಒಂದು ಅಧ್ಯಾಯ ಸೇರಿಸಿದರೆ ಸಾಲದೆ?

ಉತ್ತರ: ಸಾಲದು. ನಮ್ಮ ಇಂಜಿನಿಯರಿಂಗ್ ವಿದ್ಯಾರ್ಥಿಗಳೂ ‘ಕೆ ಅಂಡ್ ಆರ್’ ಎಂದೇ ಕರೆಯುವ ಸಿ ಭಾಷೆಯ ಪುಸ್ತಕವನ್ನೇ ನೋಡಿ. ಬ್ರಯಾನ್ ಕರ್ನಿಹಾನ್ ಮತ್ತು ಡೆನಿಸ್ ರಿಚಿ ಅದನ್ನು ಮೊದಲು ಹೊರತಂದದ್ದು 1978ರಲ್ಲಿ. 1983ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಆನ್ಸಿ ಸಿ ಭಾಷೆಗೆ ಕಟ್ಟುನಿಟ್ಟಾದ ನಿಯಮಾವಳಿ ರೂಪಿಸಲು ಸಮಿತಿ ನೇಮಿಸಿತು. ಅದರ ಕರಡನ್ನು ಅನುಸರಿಸಿದ ಎರಡನೇ ಆವೃತ್ತಿ 1988ರಲ್ಲಿ ಬಂತು.

ಆಗಿನ ಅತಿ ದೊಡ್ಡ ಬದಲಾವಣೆ ಇದು: ಫಂಕ್ಷನ್ ಘೋಷಿಸುವಾಗಲೇ ಅದಕ್ಕೆ ಕೊಡುವ ಮೌಲ್ಯಗಳು ಯಾವ ಬಗೆಯವು ಎಂದು ಹೇಳುವುದು. ಹಳೆಯ ಸಿಯಲ್ಲಿ ಈ ಅನುಕೂಲ ಇರಲಿಲ್ಲ. ವರ್ಗಮೂಲದ ಫಂಕ್ಷನ್‌ಗೆ 2.0 ಬದಲು 2 ಕೊಟ್ಟರೆ ಕಂಪೈಲರ್ ತುಟಿಪಿಟಕ್ಕೆನ್ನದೆ ಒಪ್ಪಿಕೊಳ್ಳುತ್ತಿತ್ತು. ಬರುವ ಉತ್ತರಕ್ಕೆ ತಲೆಬುಡ ಇರುತ್ತಿರಲಿಲ್ಲ. ಹೊಸ ನಿಯಮದಲ್ಲಿ ಆ 2 ತಾನಾಗಿ 2.0 ಆಗುತ್ತದೆ. ಆದರೆ ಸಿ ಪುಸ್ತಕದಲ್ಲಿ ಫಂಕ್ಷನ್ ಇಲ್ಲದ ಅಧ್ಯಾಯ ಎಲ್ಲಿದೆ? ಒಂದು ನಿಯಮ ಬದಲಾದದ್ದಕ್ಕೆ ಪುಸ್ತಕದ ಉದ್ದಕ್ಕೂ ಕೈಯಾಡಿಸಬೇಕಾಯಿತು.

ಹಾಗೆ ಕೈಯಾಡಿಸಿದಲ್ಲೆಲ್ಲ ಹೊಸ ತಪ್ಪು ನುಸುಳಬಹುದು. ಹಾಳೆಯ ಮೇಲೆ ಸರಿಯಾಗಿ ಕಾಣುವ ಪ್ರೋಗ್ರಾಂ ಯಂತ್ರದಲ್ಲಿ ಓಡದೇ ಹೋದರೆ, ಕಲಿಯುವ ಹುಡುಗಿ ಪುಸ್ತಕವನ್ನಲ್ಲ, ತನ್ನನ್ನೇ ಅನುಮಾನಿಸುತ್ತಾಳೆ. ಅದಕ್ಕೇ ಆ ಇಬ್ಬರೂ ಉದಾಹರಣೆಗಳನ್ನು ಪುಸ್ತಕದ ಪಠ್ಯದಿಂದಲೇ ನೇರವಾಗಿ ತೆಗೆದು ಓಡಿಸಿ ಪರೀಕ್ಷಿಸಿದರು. ಹೊಸ ನಿಯಮದ ಕಂಪೈಲರ್‌ಗಳು ಆಗಿನ್ನೂ ವಿರಳ. ಹೀಗಾಗಿ ಬ್ಯಾರ್ನ್ ಸ್ಟ್ರೌಸ್ಟ್ರಪ್ ಅವರ ಸಿ++ ಅನುವಾದಕವನ್ನೂ ಈ ಕೆಲಸಕ್ಕೆ ಹಚ್ಚಿದರು. ಪರಿಷ್ಕರಣೆಯ ಕಾಲ ಹೆಚ್ಚಾಗಿ ಇಂಥ ಕಣ್ಣಿಗೆ ಬೀಳದ ದುಡಿಮೆಗೇ ಹೋಗುತ್ತದೆ. ಹೋಗಲೇಬೇಕು.

ಇನ್ನು ಸೇರಿಸುವ ಮಾತು. ಜಟಿಲ ಘೋಷಣೆಗಳನ್ನು ಸರಳ ಮಾತಿಗೆ ತಿರುಗಿಸುವ ಪ್ರೋಗ್ರಾಂ, ಲೈಬ್ರರಿಯ ಸಾರಾಂಶ, ಬದಲಾವಣೆಗಳ ಪಟ್ಟಿ ಇವೆಲ್ಲ ಬಂದವು. ಆದರೂ ಪುಸ್ತಕ ಮುನ್ನೂರು ಪುಟ ದಾಟಲಿಲ್ಲ. ಆವೃತ್ತಿಯಿಂದ ಆವೃತ್ತಿಗೆ ಊದಿಕೊಳ್ಳುವ ಇಂದಿನ ಪಠ್ಯಪುಸ್ತಕಗಳ ನಡುವೆ ಈ ಸಂಯಮ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಮೂರನೇ ಆವೃತ್ತಿ ಬರಲಿಲ್ಲ. ರಿಚಿ 2011ರಲ್ಲಿ ತೀರಿಕೊಂಡರು. ಭಾಷೆ ಮಾತ್ರ ಬದಲಾಗುತ್ತಲೇ ಇದೆ. ಎರಡನೇ ಆವೃತ್ತಿಯ ಮೊದಲ ಪ್ರೋಗ್ರಾಂನಲ್ಲಿ ‘ಮೇನ್’ ಹಿಂದೆ ‘ಇಂಟ್’ ಇಲ್ಲ. 1999ರ ಮಾನಕದಿಂದೀಚೆಗೆ ಅದು ತಪ್ಪು. ಇವತ್ತು ಆ ಪುಸ್ತಕ ಹಿಡಿದು ಕಲಿಯುವವರು ಆ ಪದವನ್ನು ತಾವೇ ಸೇರಿಸಿಕೊಂಡು ಮುಂದುವರಿಯಲಿ.