ಔಷಧಿ ಸೀಸೆಯ ಮೇಲಿನ ಇಂಗ್ಲಿಷು



ಈ ವಯಸ್ಸಿನಲ್ಲಿ ಇಂಗ್ಲಿಷು ಕಲಿಯಿರೆಂದು ಹೇಳಲು ಹೊರಟಿದ್ದೇನೆಂದು ಗಾಬರಿಯಾಗಬೇಡಿ. ತಮ್ಮ ಮನೆಯ ಅಟ್ಟದಲ್ಲಿ, ಪಂಪಿನ ಪಕ್ಕದಲ್ಲಿ ಇರುವ ಸೀಸೆಗಳ ಮೇಲೆ ಅಚ್ಚಾಗಿರುವ ಹತ್ತು ಹನ್ನೆರಡು ಶಬ್ದಗಳಷ್ಟೇ ಇಂದಿನ ಪಾಠ. ಇವು ಕಠಿಣ ಶಬ್ದಗಳೇ ಸರಿ. ಕಾಲೇಜು ಓದಿದವರೂ ಕೆಲವಕ್ಕೆ ತಡವರಿಸುತ್ತಾರೆ. ಆದರೆ ಹೊಲಕ್ಕೆ ಬೀಳುವುದು ಇವುಗಳ ಅರ್ಥವೇ ಆದುದರಿಂದ ಬಿಟ್ಟುಬಿಡುವಂತಿಲ್ಲ.

ನಮ್ಮ ಕಡೆಯ ಒಬ್ಬ ಯಜಮಾನರು ಅವರೆಗೆ ಕಾಯಿಕೊರಕ ಬಿದ್ದಿತೆಂದು ಮನೆಯಲ್ಲಿದ್ದ ಸೀಸೆಯ ಔಷಧಿಯನ್ನು ಒಂದು ಎಕರೆಗೆ ಹೊಡೆದರು. ಮೂರನೆಯ ದಿನ ಎಲೆ ಮುರುಟಿ, ಕಾಂಡ ತಿರುಚಿಕೊಂಡು ನಿಂತಿತು. ನಾನು ಹೋಗಿ ಸೀಸೆ ನೋಡಿದರೆ, ಅದು ಮುಸುಕಿನ ಜೋಳದ ಕಳೆಗೆಂದು ಮಗ ತಂದಿಟ್ಟಿದ್ದ 2,4-ಡಿ. ಅಗಲ ಎಲೆಯ ಗಿಡಗಳನ್ನು ಸಾಯಿಸುವುದೇ ಅದರ ಕೆಲಸ. ಅವರೆಯೂ ಅಗಲ ಎಲೆಯ ಗಿಡವೇ. "ಮನೆಯಲ್ಲಿ ಓದುವವರು ಯಾರೂ ಇರಲಿಲ್ಲವೆ ಗೌಡರೇ?" ಎಂದು ಕೇಳಿದೆ. "ಒಂಬತ್ತನೇ ಕ್ಲಾಸಿನ ಮೊಮ್ಮಗಳು ಓದಿದಳಪ್ಪಾ. ಹರ್ಬಿಸೈಡ್ ಅಂತ ಸರಿಯಾಗೇ ಓದಿದಳು. ಹಂಗಂದ್ರೇನು ಅಂತ ಅವಳಿಗೂ ತಿಳೀಲಿಲ್ಲ, ನನಗೂ ತಿಳೀಲಿಲ್ಲ" ಎಂದರು. ಆ ಹುಡುಗಿಯ ತಪ್ಪೇನೂ ಇಲ್ಲ. ಅಕ್ಷರ ಬಂದಿತ್ತು, ಶಬ್ದ ಬಂದಿರಲಿಲ್ಲ.

ಆ ಶಬ್ದದಿಂದಲೇ ತೊಡಗೋಣ. ಅದರ ಬಾಲವನ್ನು ನೋಡಿ: 'ಸೈಡ್'. ಇಂಗ್ಲಿಷಿನಲ್ಲಿ ಸಿ, ಐ, ಡಿ, ಇ ಎಂಬ ನಾಲ್ಕು ಅಕ್ಷರ. ಲ್ಯಾಟಿನ್ ಭಾಷೆಯಲ್ಲಿ 'ಕೊಲ್ಲು' ಎಂಬರ್ಥದ ಮಾತಿನಿಂದ ಬಂದದ್ದು. ಬಾಲ ಗೊತ್ತಾದ ಮೇಲೆ ತಲೆಯನ್ನು ನೋಡಿದರೆ ಸಾಕು. ಇನ್‌ಸೆಕ್ಟ್ ಎಂದರೆ ಹುಳ. ಇನ್‌ಸೆಕ್ಟಿಸೈಡ್ ಹುಳ ಕೊಲ್ಲುವಂಥದು. ಫಂಗಸ್ ಎಂದರೆ ಬೂಷ್ಟು. ಫಂಗಿಸೈಡ್ ಬೂಷ್ಟು ರೋಗಕ್ಕೆ. ರೋಡೆಂಟ್ ಎಂದರೆ ಇಲಿ, ಹೆಗ್ಗಣದ ಜಾತಿ, ರೋಡೆಂಟಿಸೈಡ್ ಇಲಿಪಾಷಾಣ. ಹರ್ಬ್ ಎಂದರೆ ಗಿಡ, ಸೊಪ್ಪು. ಹರ್ಬಿಸೈಡ್ ಗಿಡವನ್ನೇ ಕೊಲ್ಲುತ್ತದೆ. ಕೆಲವು ಚೀಟಿಗಳಲ್ಲಿ ವೀಡಿಸೈಡ್ ಎಂದಿರುತ್ತದೆ. ವೀಡ್ ಎಂದರೆ ಕಳೆ, ಎರಡೂ ಒಂದೇ. ನಾವು ಎಲ್ಲಕ್ಕೂ 'ಔಷಧಿ' ಎಂಬ ಒಂದೇ ಹೆಸರಿಟ್ಟಿದ್ದೇವೆ. ಇಂಗ್ಲಿಷಿನವರು ಕೊಲ್ಲುವುದೆಂದು ಹೆಸರಿನಲ್ಲೇ ಒಪ್ಪಿಕೊಂಡಿದ್ದಾರೆ. ಈ ಒಂದು ವಿಷಯದಲ್ಲಿ ಅವರ ಮಾತೇ ನೇರವಾದುದೆಂದು ನನಗೆ ತೋರುತ್ತದೆ.

ಇದೇ ಕಾರಣದಿಂದ ಕಳೆನಾಶಕ ಹೊಡೆದ ಪಂಪನ್ನು ಬೇರೆ ಬೆಳೆಗೆ ಒಯ್ಯಬಾರದು. ತಳದಲ್ಲಿ ಉಳಿದ 2,4-ಡಿ ಅವರೆ, ಹತ್ತಿ, ತರಕಾರಿಗಳನ್ನು ಸುಡಬಲ್ಲದು. ಸಾಧ್ಯವಿದ್ದವರು ಕಳೆಗೆಂದೇ ಬೇರೊಂದು ಪಂಪು ಇಟ್ಟುಕೊಳ್ಳತಕ್ಕದ್ದು.

ಕಳೆನಾಶಕದ ಚೀಟಿಯಲ್ಲಿ ಇನ್ನೂ ಎರಡು ಮಾತು ಬರುತ್ತವೆ. ಪ್ರಿ ಎಂದರೆ ಮುಂಚೆ, ಪೋಸ್ಟ್ ಎಂದರೆ ಆಮೇಲೆ, ಎಮರ್ಜೆನ್ಸ್ ಎಂದರೆ ಮೇಲಕ್ಕೆ ಬರುವುದು. ಪೆಂಡಿಮೆಥಾಲಿನ್ ಪ್ರಿ-ಎಮರ್ಜೆನ್ಸ್ ಜಾತಿಯದು. ಬಿತ್ತಿದ ಕೂಡಲೆ, ಕಳೆ ಮೊಳೆಯುವ ಮುನ್ನ ಹೊಡೆಯತಕ್ಕದ್ದು. ಕಳೆ ಗೇಣುದ್ದ ಬೆಳೆದ ಮೇಲೆ ಹೊಡೆದು, ಅಂಗಡಿಯವನು ಮೋಸ ಮಾಡಿದನೆಂದರೆ ಪ್ರಯೋಜನವಿಲ್ಲ.

ಈಗ ಒಂದು ಮೋಸದ ಶಬ್ದ. ಡಿಪ್ಲೊಮಾ ತರಗತಿಯಲ್ಲಿ ನಾನೇ ಇದಕ್ಕೆ ಬಿದ್ದಿದ್ದೇನೆ. ಆರ್ಗ್ಯಾನಿಕ್ ಎಂಬುದಕ್ಕೆ ವಿರುದ್ಧ ಇನ್‌ಆರ್ಗ್ಯಾನಿಕ್, ಸಾಲ್ಯುಬಲ್ ಎಂದರೆ ಕರಗುವುದು, ಇನ್‌ಸಾಲ್ಯುಬಲ್ ಎಂದರೆ ಕರಗದ್ದು. 'ಇನ್' ಬಂದರೆ 'ಅಲ್ಲ' ಎಂದು ಉರುಹೊಡೆದಿದ್ದ ನಾನು, ಇನ್‌ಫ್ಲೇಮಬಲ್ ಎಂದರೆ 'ಬೆಂಕಿ ಹತ್ತದ್ದು' ಎಂದು ಎದ್ದು ನಿಂತು ಹೇಳಿದೆ. ತರಗತಿಯೆಲ್ಲ ನಕ್ಕಿತು. ಇಲ್ಲಿನ 'ಇನ್'ಗೆ 'ಅಲ್ಲ' ಎಂಬ ಅರ್ಥವಿಲ್ಲ, 'ಒಳಕ್ಕೆ' ಎಂದು ಅರ್ಥ. ಉರಿಯೊಳಕ್ಕೆ ಹೋಗುವಂಥದು, ಸುಲಭವಾಗಿ ಹೊತ್ತಿಕೊಳ್ಳುವಂಥದು. ಫ್ಲೇಮಬಲ್ ಎಂದು ಬರೆದಿದ್ದರೂ ಅರ್ಥ ಅದೇ. ಹೆಸರಿನ ಮುಂದೆ ಇ.ಸಿ. ಎಂದಿರುವ ಔಷಧಿಗಳಲ್ಲಿ ಹೊತ್ತಿಕೊಳ್ಳುವ ದ್ರಾವಕ ಇರುವುದುಂಟು. ಒಲೆಯ ಹತ್ತಿರ ಇಡಬೇಡಿ. ಬೆರೆಸುವಾಗ ಬೀಡಿ ಹಚ್ಚಬೇಡಿ.

ಡೋಸ್ ಎಂದರೆ ಹಾಕಬೇಕಾದ ಪ್ರಮಾಣ. ಇದು ಎಲ್ಲರಿಗೂ ತಿಳಿದದ್ದೇ. ತೊಡಕಿರುವುದು ಅದರ ಮುಂದಿನ ಮಾತಿನಲ್ಲಿ. ಚೀಟಿಯ ಲೆಕ್ಕ ಬಹುಮಟ್ಟಿಗೆ ಹೆಕ್ಟೇರಿನದು, ನಮ್ಮ ಲೆಕ್ಕ ಎಕರೆಯದು. ಒಂದು ಹೆಕ್ಟೇರು ಹೆಚ್ಚುಕಡಿಮೆ 2 ಎಕರೆ 19 ಗುಂಟೆ. ಚೀಟಿಯಲ್ಲಿ ಹೆಕ್ಟೇರಿಗೆ 500 ಮಿಲಿಲೀಟರ್ ಔಷಧಿ, 500 ಲೀಟರ್ ನೀರು ಎಂದಿದೆ ಎನ್ನಿ. ಎರಡೂವರೆಯಿಂದ ಭಾಗಿಸಿ, ಎಕರೆಗೆ 200 ಮಿಲಿಲೀಟರ್, ನೀರು 200 ಲೀಟರ್. 16 ಲೀಟರಿನ ಒಂದು ಪಂಪಿಗೆ 16 ಮಿಲಿಲೀಟರ್ ಬಂತು. 500ನ್ನೂ ಒಂದೇ ಎಕರೆಗೆ ಸುರಿದರೆ ಎರಡೂವರೆ ಪಟ್ಟು ವಿಷ, ಎರಡೂವರೆ ಪಟ್ಟು ಖರ್ಚು. ಈ ತಪ್ಪನ್ನು ನಾನು ಕಂಡಷ್ಟು ಬೇರಾವ ತಪ್ಪನ್ನೂ ಕಂಡಿಲ್ಲ.

ವೇಟಿಂಗ್ ಪೀರಿಯಡ್ ಎಂದರೆ ಕಾಯಬೇಕಾದ ಅವಧಿ. ಕಡೆಯ ಸಲ ಹೊಡೆದ ಮೇಲೆ ಅಷ್ಟು ದಿನ ಕಳೆಯದೆ ಕೊಯ್ಯುವಂತಿಲ್ಲ. ಬೆಳಗ್ಗೆ ಹೊಡೆದು ಸಂಜೆ ಬದನೆಕಾಯಿ ಸಂತೆಗೆ ಒಯ್ಯುವವರಿದ್ದಾರೆ. ಮನೆಯ ಸಾರಿಗೆ ಮಾತ್ರ ಬೇರೆ ಸಾಲಿನಿಂದ ಕಿತ್ತುಕೊಳ್ಳುತ್ತಾರೆ. ಅವರಿಗೆ ಇಂಗ್ಲಿಷಿನ ಕೊರತೆಯಿಲ್ಲ.

ಸೀಸೆಯ ಮೇಲಿನ ಬಣ್ಣದ ಗುರುತೂ ಓದುವಂಥದ್ದೇ. ಕೆಂಪು ಮತ್ತು ಹಳದಿಯಲ್ಲಿ ಪಾಯ್ಸನ್, ಅಂದರೆ ವಿಷ, ಎಂದಿರುತ್ತದೆ. ಕೆಂಪಿನಲ್ಲಿ ತಲೆಬುರುಡೆಯೂ ಉಂಟು. ನೀಲಿಯಲ್ಲಿ ಡೇಂಜರ್, ಅಪಾಯ. ಹಸಿರಿನಲ್ಲಿ ಕಾಷನ್, ಎಚ್ಚರಿಕೆ. ಹಸಿರೆಂದರೆ ನಿರಪಾಯವೆಂದು ತಿಳಿಯಬಾರದು, ವಿಷ ಕಡಿಮೆಯೆಂದಷ್ಟೇ.

ಬೀಜದ ಚೀಟಿಯಲ್ಲಿ ಜರ್ಮಿನೇಷನ್ ಎಂಬುದನ್ನು ಹುಡುಕಿ. ಆಸ್ಪತ್ರೆಯವರು ಜರ್ಮ್ ಎಂದರೆ ರೋಗಾಣು. ಇಲ್ಲಿ ಅದೇ ಮೂಲದಿಂದ ಬಂದ ಮಾತಿಗೆ ಮೊಳಕೆಯೆಂದು ಅರ್ಥ. ಪ್ರಮಾಣಿತ ಬೀಜದ ನೀಲಿ ಚೀಟಿ ಇದ್ದರೆ ಭತ್ತಕ್ಕೆ ಶೇಕಡ 80, ಶೇಂಗಾಕ್ಕೆ 70ಕ್ಕಿಂತ ಕಡಿಮೆ ಇರಕೂಡದು. ಟ್ರೀಟೆಡ್ ಎಂದಿದ್ದರೆ ವಿಷ ಲೇಪಿಸಿದೆ ಎಂದರ್ಥ. ಉಳಿದ ಬೀಜವನ್ನು ತಾವೂ ತಿನ್ನಬಾರದು, ಕೋಳಿಗೂ ಹಾಕಬಾರದು, ಗಾಣಕ್ಕೂ ಕೊಡಬಾರದು.

ಕಂಟೇನರ್ ಎಂದರೆ ಡಬ್ಬಿ, ಡೆಸ್ಟ್ರಾಯ್ ಎಂದರೆ ನಾಶಮಾಡು. 2013ರ ಜುಲೈಯಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟ ಉಂಡು 23 ಮಕ್ಕಳು ತೀರಿಕೊಂಡರು. ಅಡಿಗೆಯ ಎಣ್ಣೆಯಲ್ಲಿ ಮಾನೊಕ್ರೊಟೊಫಾಸ್ ಇತ್ತು. ಹಿಂದೆ ಆ ಕೀಟನಾಶಕವಿದ್ದ ಡಬ್ಬಿಯಲ್ಲಿ ಎಣ್ಣೆ ಇಟ್ಟಿದ್ದರೆಂದು ಆಗ ಪೊಲೀಸರು ಹೇಳಿದರು. ನಮ್ಮ ಊರುಗಳಲ್ಲಿ ಎಷ್ಟು ಬಚ್ಚಲುಮನೆಗಳಲ್ಲಿ ಅಂಥ ಡಬ್ಬಿಗಳಿವೆಯೆಂದು ನಾನು ಬರೆಯಬೇಕಾಗಿಲ್ಲ. ತೂತು ಮಾಡಿ, ಜಜ್ಜಿ, ಬಾವಿ ಹಳ್ಳಗಳಿಂದ ದೂರದಲ್ಲಿ ಹೂಳಿಬಿಡಿ.

ಕಡೆಯದು ಆ್ಯಂಟಿಡೋಟ್. ಆ್ಯಂಟಿ ಎಂದರೆ ಎದುರು. ವಿಷಕ್ಕೆ ಎದುರಾಗಿ ಕೊಡುವ ಮದ್ದು. ಅಲ್ಲಿ ಅಟ್ರೋಪಿನ್ ಮುಂತಾದ ಹೆಸರಿರುತ್ತದೆ. ಅದು ವೈದ್ಯರು ಓದಲೆಂದು ಬರೆದದ್ದು, ನಾವು ತಂದು ಕುಡಿಸಲೆಂದಲ್ಲ. ಔಷಧಿ ಹೊಡೆಯುವಾಗ ಯಾರಿಗಾದರೂ ತಲೆ ಸುತ್ತಿ, ಬೆವರಿ, ಬಾಯಲ್ಲಿ ಜೊಲ್ಲು ಸುರಿದರೆ ಬಟ್ಟೆ ಬಿಚ್ಚಿಸಿ, ಸೋಪು ಹಚ್ಚಿ ಮೈ ತೊಳೆದು, ಕೂಡಲೆ ಆಸ್ಪತ್ರೆಗೆ ಒಯ್ಯಿರಿ. ವಾಂತಿ ಮಾಡಿಸಲು ಹೋಗಬೇಡಿ. ಕೆಲವು ವಿಷಕ್ಕೆ ಅದರಿಂದಲೇ ಕೇಡು. ಸೀಸೆಯನ್ನು ಚೀಟಿಯ ಸಮೇತ ಜೊತೆಯಲ್ಲಿ ಒಯ್ಯಿರಿ. ಯಾವ ವಿಷವೆಂದು ಕಂಡರೆ ವೈದ್ಯರಿಗೆ ಕೆಲಸ ಬೇಗ ಸಾಗುತ್ತದೆ.

ಅರ್ಥವಾಗದ ಬೇರೆ ಶಬ್ದವಿದ್ದರೆ, ಸೀಸೆಯ ಜೊತೆ ಬರುವ ಕಾಗದವನ್ನು ನಾನು ಊರಿಗೆ ಬಂದಾಗ ತೋರಿಸಿ. ಸೀಸೆಯನ್ನು ಮಾತ್ರ ಮಕ್ಕಳ ಕೈಯಲ್ಲಿ ಕಳುಹಿಸಬೇಡಿ.